ಸೂಜಿಯಮ್ಮನ ಹೆಸರಿನ ಪತಂಗ

ನನ್ನ ಅತ್ತಿಗೆ ಪತಂಗ ಕೂರಿಸುವವಳು. ಹೀಗೆಂದ ಕೂಡಲೇ ಜನ ನನ್ನ ಮುಖ ನೋಡುತ್ತಾರೆ. ಬಟ್ಟೆ ಹೊಲಿಯುವವರು ಗೊತ್ತು, ಗಡಿಯಾರ ಬಿಚ್ಚಿ ಕಟ್ಟುವವರು ಗೊತ್ತು, ಸತ್ತ ಪತಂಗವನ್ನು ಕೂರಿಸುವುದೆಂದರೆ ಎಂಥ ಉದ್ಯೋಗ? ಅದನ್ನೇ ಮೊದಲು ಹೇಳಿ ಮುಗಿಸುತ್ತೇನೆ. ಇಲ್ಲದಿದ್ದರೆ ಆಕೆಯ ದೊಡ್ಡತನ ನಿಮ್ಮ ಕೈಗೆ ಸಿಗುವುದಿಲ್ಲ.

ನಮ್ಮ ಮ್ಯೂಸಿಯಮ್ಮಿನ ಹಿಂಭಾಗದಲ್ಲಿ, ನೋಡಲು ಬಂದವರು ಕಾಲಿಡದ ಕಡೆ, ಒಂದು ಉದ್ದನೆಯ ಕೋಣೆ ಇದೆ. ಕಿಟಕಿಗಳೆಲ್ಲ ಉತ್ತರಕ್ಕೆ. ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ. ಆ ಕಿಟಕಿಯ ಕೆಳಗೆ ಅತ್ತಿಗೆಯ ಮೇಜು. ಪತಂಗದ ಬೆನ್ನಿನ ನಟ್ಟನಡುವೆ ಕೂದಲಿನಷ್ಟು ಸಣ್ಣ ಸೂಜಿ ಇಳಿಸಿ, ನಡುವೆ ಕಾಲುವೆ ತೆಗೆದ ಹಲಗೆಯ ಮೇಲೆ ಮೈಯನ್ನು ಆ ಕಾಲುವೆಗೆ ಇಳಿಬಿಟ್ಟು, ನಾಲ್ಕೂ ರೆಕ್ಕೆಗಳನ್ನು ಬಿಡಿಸಿ, ಮೇಲೆ ಕಾಗದದ ಪಟ್ಟಿ ಬಿಗಿದು ಒಣಗಲು ಬಿಡಬೇಕು. ರೆಕ್ಕೆಯ ಮೇಲಿನ ಪುಡಿ ಉದುರಬಾರದು. ಮೀಸೆ ಮುರಿಯಬಾರದು. ಎಡಕ್ಕೂ ಬಲಕ್ಕೂ ಎಳ್ಳಷ್ಟು ವ್ಯತ್ಯಾಸ ಬರಬಾರದು. ಉಗುರಿನಷ್ಟು ಅಗಲದ ಜೀವಕ್ಕೆ ಇಷ್ಟೆಲ್ಲ ಉಪಚಾರ. ಆ ಹಲಗೆಗಳನ್ನೂ, ಪತಂಗಗಳು ಕೊನೆಗೆ ಸೇರುವ ಗಾಜಿನ ಮುಚ್ಚಳದ ಡ್ರಾಯರುಗಳನ್ನೂ ಮಾಡುವವನು ನಾನು. ಅಲ್ಲಿನ ಬಡಗಿ. ಶಾಲೆ ಕಂಡದ್ದು ಅಷ್ಟಕ್ಕಷ್ಟೇ; ಓದು ಹತ್ತಿದ್ದು ಆ ಡ್ರಾಯರುಗಳ ಚೀಟಿಗಳಿಂದ.

ಅತ್ತಿಗೆಯನ್ನು ಆ ಕೆಲಸಕ್ಕೆ ಎಳೆದು ತಂದವನೂ ನಾನೇ. ಆಗ ಅವಳು ಅಣ್ಣನ ದರ್ಜಿ ಅಂಗಡಿಯಲ್ಲಿ ಗುಂಡಿ ತೂರುವ ಕಾಜಾ ಹೊಲಿಯುತ್ತಿದ್ದಳು. ಅವಳು ಹೊಲಿದ ಕಾಜಾ ನೋಡಲೆಂದೇ ಗಿರಾಕಿಗಳು ಕೋಟು ತಿರುವಿ ಹಿಡಿಯುತ್ತಿದ್ದರು. ಮ್ಯೂಸಿಯಮ್ಮಿನ ಹಳೆಯ ಕೆಲಸಗಾರ ಕೈನಡುಕ ಬಂದು ಮನೆ ಸೇರಿದಾಗ, ದೊಡ್ಡ ಸಾಹೇಬರು ತಲೆ ಮೇಲೆ ಕೈ ಹೊತ್ತು ಕುಳಿತಿದ್ದರು. ನಾನು ಬಾಯಿ ಬಿಟ್ಟೆ.

ಮನೆಯಲ್ಲಿ ರಂಪವಾಯಿತು. ಅಣ್ಣ, "ಹುಳಕ್ಕೆ ಅಂಗಿ ಹೊಲಿಯೋಕೆ ಹೋಗ್ತೀಯಾ?" ಎಂದು ನಕ್ಕ. ನಮ್ಮವ್ವ ನಗಲಿಲ್ಲ. "ಹೋಗೋದಾದ್ರೆ ಹೋಗು. ಬಂದವಳೇ ಮೊಣಕೈ ತನಕ ತೊಳೆದು ಅಡುಗೆಮನೆಗೆ ಬಾ. ನನ್ನ ಪಾತ್ರೆಗೆ ಹುಳದ ಕೈ ಮುಟ್ಟಿಸಬೇಡ" ಎಂದಳು.

"ಮುಟ್ಟಿಸಲ್ಲ ಅತ್ತೆ. ನೀವೇ ತೊಳೆದುಕೊಳ್ಳಿ ಪಾತ್ರೆ" ಎಂದು ಅತ್ತಿಗೆ ಹೊರಟೇಬಿಟ್ಟಳು.

ಅವಳ ಕೈ ಎಷ್ಟು ಮೃದುವೋ ನಾಲಿಗೆ ಅಷ್ಟು ಚೂಪು. ಒಮ್ಮೆ ಮೇಲಿನ ಅಧಿಕಾರಿಯೊಬ್ಬರು ಬಂದು, ಮುಚ್ಚಳ ತೆಗೆದ ಡ್ರಾಯರಿನತ್ತ ಬೆರಳು ಚಾಚಿ, "ಇದು ಮುಟ್ಟಿದರೆ ಹೇಗಿರುತ್ತೆ?" ಎಂದರು. ಅತ್ತಿಗೆ ತಲೆ ಎತ್ತದೆ, "ಸರ್, ಅದಕ್ಕೆ ಏನೂ ಅನ್ನಿಸಲ್ಲ, ಸತ್ತಿದೆ. ನಿಮಗೆ ಮಾತ್ರ ಸೂಜಿ ಚುಚ್ಚತ್ತೆ. ನಾನೇ ಚುಚ್ಚೋದು" ಎಂದಳು. ಅಧಿಕಾರಿ ಬೆರಳನ್ನು ಜೇಬಿಗೆ ಹಾಕಿಕೊಂಡರು. ಅಂದಿನಿಂದ ಕಾವಲುಗಾರರ ಬಾಯಲ್ಲಿ ಅವಳು ಸೂಜಿಯಮ್ಮ ಆದಳು. ಆಮೇಲೆ ಎಲ್ಲರ ಬಾಯಲ್ಲೂ.

ಇನ್ನು ಹಸಿರು ಪತಂಗಗಳ ವಿಷಯ. ಎಳೆಯ ಎಲೆಯ ಬಣ್ಣದ, ತೆಳ್ಳಗಿನ, ಸಣ್ಣ ಪತಂಗಗಳ ಒಂದು ದೊಡ್ಡ ಬಳಗವಿದೆ. ಕೂತರೆ ಗೋಡೆಗೆ ಎಲೆ ಅಂಟಿಸಿದಂತೆ ರೆಕ್ಕೆ ಹರಡಿ ಕೂರುತ್ತವೆ. ಇವುಗಳ ಮರಿಗಳೇ ಮೈಯನ್ನು ಬಿಲ್ಲಿನಂತೆ ಬಗ್ಗಿಸಿ, ಕೊಂಬೆಯನ್ನು ಗೇಣು ಹಾಕಿ ಅಳೆಯುತ್ತ ಹೋಗುವ ಕಂಬಳಿ ಇಲ್ಲದ ಹುಳುಗಳು. ಬಳಗ ದೊಡ್ಡದು, ಮುಖಗಳೆಲ್ಲ ಒಂದೇ ಥರ. ಒಂದರ ರೆಕ್ಕೆಯ ಮೇಲಿನ ಬಿಳಿ ಗೆರೆ ನೆಟ್ಟಗೆ, ಇನ್ನೊಂದರದು ಅಲೆಅಲೆ. ಒಂದರ ಹಿಂದಿನ ರೆಕ್ಕೆಗೆ ಸಣ್ಣ ಮೂಲೆ, ಇನ್ನೊಂದಕ್ಕೆ ದುಂಡು ಅಂಚು. ಒಂದರ ಗಂಡಿಗೆ ಬಾಚಣಿಗೆಯಂಥ ಮೀಸೆ, ಇನ್ನೊಂದಕ್ಕೆ ದಾರದಂಥದು. ಯಾರು ಯಾರ ಸ್ವಂತ, ಯಾರು ದೂರದ ನೆಂಟ, ಯಾರು ಬರೀ ಹೋಲಿಕೆಯವರು ಎಂದು ವಿಂಗಡಿಸುವುದಕ್ಕೆ ದೊಡ್ಡ ದೊಡ್ಡ ತಲೆಗಳು ಆಯುಷ್ಯ ಸವೆಸಿವೆ.

ನಮ್ಮ ದೊಡ್ಡ ಸಾಹೇಬರು ಮೂಲತಃ ದುಂಬಿಯ ಮನುಷ್ಯ. ಗಟ್ಟಿ ಚಿಪ್ಪಿನ ದುಂಬಿಗಳಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಪತಂಗಗಳತ್ತ ತಿರುಗಿದ್ದು ಕೂದಲು ಹಣ್ಣಾದ ಮೇಲೆ. ಕಾರಣ, ದೂರದ ಸಮುದ್ರದಂಚಿನ ಒಬ್ಬ ದೀಪಸ್ತಂಭದ ಕಾವಲುಗಾರ. ದೀಪಕ್ಕೆ ಬಂದು ಬೀಳುವ ಪತಂಗಗಳನ್ನು ಆತ ತ್ರಿಕೋನ ಮಡಚಿದ ಕಾಗದದ ಪೊಟ್ಟಣಗಳಲ್ಲಿ ಹಾಕಿ, ತಗಡಿನ ಡಬ್ಬಿ ತುಂಬಿದಾಗಲೆಲ್ಲ ನಮಗೆ ಕಳಿಸುತ್ತಿದ್ದ. ಬರುವ ಹೊತ್ತಿಗೆ ಅವು ಒಣಗಿ ಹಪ್ಪಳವಾಗಿರುತ್ತಿದ್ದವು. ಹಾಗೆ ಒಣಗಿದ್ದನ್ನು ಬಿಡಿಸಲು ಹೋದರೆ ಪುಡಿ ಪುಡಿ. ಅದಕ್ಕೆಂದೇ ಒದ್ದೆ ಡಬ್ಬಿ ಇರುತ್ತದೆ: ಕೆಳಗೆ ನೆನೆಸಿದ ಮರಳು, ಮೇಲೆ ಪೊಟ್ಟಣ, ಬಿಗಿಯಾದ ಮುಚ್ಚಳ. ಒಂದೆರಡು ದಿನದಲ್ಲಿ ಹುಳ ಮೆತ್ತಗಾಗಿ ರೆಕ್ಕೆ ಹೇಳಿದ ಮಾತು ಕೇಳುತ್ತದೆ.

ಅತ್ತಿಗೆಗೆ ಇದರಲ್ಲಿ ಒಂದು ಕಟ್ಟುನಿಟ್ಟಿತ್ತು. ಒಣ ಪೊಟ್ಟಣ ಬಿಚ್ಚುವಂತಿಲ್ಲ. ಬಂದದ್ದು ಬಂದ ಹಾಗೇ ಒದ್ದೆ ಡಬ್ಬಿಗೆ. ಮೆತ್ತಗಾದ ಮೇಲೆಯೇ ಬಿಚ್ಚುವುದು. ಬೇರೆ ಕಡೆಯ ಕೆಲಸಗಾರರು ಆತುರಕ್ಕೆ ಬಿಚ್ಚಿ ನೋಡಿ ಕಾಲು, ಮೀಸೆ ಉದುರಿಸುತ್ತಿದ್ದರು. ನಮ್ಮಲ್ಲಿನ ಹುಳಗಳಿಗೆ ಒಂದು ಕಾಲೂ ಕಡಿಮೆಯಿಲ್ಲ ಎಂದು ಹೊರಗಿನವರು ಬೆರಗಾಗುತ್ತಿದ್ದುದು ಈ ಕಟ್ಟುನಿಟ್ಟಿನಿಂದಲೇ.

ದೀಪಸ್ತಂಭದ ಪೊಟ್ಟಣಗಳಿಂದ ಹೊರಬಂದವುಗಳಲ್ಲಿ ಒಂದು ಜಾತಿ ಸಾಹೇಬರ ಕಣ್ಣು ಸೆಳೆಯಿತು. ಆಕಾರವೆಲ್ಲ ನಮ್ಮ ಊರಿನ ದೀಪಕ್ಕೆ ಬರುವ ಹಸಿರು ಪತಂಗದ್ದೇ. ಬಣ್ಣ ಮಾತ್ರ ಒಣಹುಲ್ಲಿನದು. ಒಂದಲ್ಲ ಎರಡಲ್ಲ, ಅಲ್ಲಿಂದ ಬಂದವೆಲ್ಲ ಹುಲ್ಲು ಬಣ್ಣ. ನಮ್ಮ ಊರಿನವು, ಹಿಡಿದ ದಿನವೇ ಹಲಗೆ ಏರಿದವು, ಎಲ್ಲ ಹಸಿರು. ಎಲೆಯ ನಡುವೆ ಬಾಳುವುದು ಹಸಿರಾಗಿ, ಕಡಲಂಚಿನ ಒಣನೆಲದಲ್ಲಿ ಬಾಳುವುದು ಹುಲ್ಲು ಬಣ್ಣವಾಗಿ ಬೇರೆಯಾಗಿದೆ ಎಂದು ಸಾಹೇಬರು ಬಗೆದರು. ಕೇಳಿದವರಿಗೂ ಅದು ಸರಿಯೆನಿಸಿತು. ಹೊಸ ಜಾತಿ ಎಂದು ಅಚ್ಚು ಹಾಕಿಸಿ ಹೆಸರಿಟ್ಟರು.

ಹುಳಗಳಿಗೆ ಹೆಸರಿಡುವುದು ಈಗ ಯಾರೂ ಆಡದ ಹಳೆಯ ಪಂಡಿತರ ಭಾಷೆಯಲ್ಲಿ. ಹೆಸರಿಗೆ ಎರಡು ಭಾಗ: ಮೊದಲನೆಯದು ಮನೆತನದ್ದು, ಎರಡನೆಯದು ಸ್ವಂತದ್ದು. ಈ ಪತಂಗದ ಸ್ವಂತದ ಹೆಸರಿನ ಅರ್ಥ 'ಸೂಜಿಯವಳ' ಎಂದು. ಸಾಹೇಬರು ಅಚ್ಚಾದ ಹಾಳೆಯನ್ನು ತಂದು ಅತ್ತಿಗೆಯ ಮೇಜಿನ ಮೇಲಿಟ್ಟು, "ಇದು ನಿನ್ನದಮ್ಮ. ನಾವೆಲ್ಲ ಹೋದಮೇಲೂ ಇರತ್ತೆ" ಎಂದರು.

ಅತ್ತಿಗೆ ಆ ಹಾಳೆಯ ಅಂಚನ್ನು ಚಿಮುಟದಲ್ಲಿ ಹಿಡಿದು ತನ್ನತ್ತ ಎಳೆದುಕೊಂಡಳು. ಪತಂಗಕ್ಕಲ್ಲದೆ ಬೇರೆ ಯಾವುದಕ್ಕಾದರೂ ಅವಳು ಚಿಮುಟ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮನೆಯಲ್ಲಿ ಅವ್ವನ ವರಸೆಯೇ ಬದಲಾಯಿತು. ಪಕ್ಕದ ಮನೆಯವರನ್ನು ಕರೆದು ಕರೆದು ಹೇಳಿದಳು: "ನಮ್ಮ ಸೊಸೆ ಹೆಸರಲ್ಲಿ ಒಂದು ಹುಳ ಇದೆ!" ಕೇಳಿದವರು, "ಅಯ್ಯೋ, ಹೊಟ್ಟೆಯಲ್ಲೇ? ಡಾಕ್ಟರಿಗೆ ತೋರಿಸಿದ್ರಾ?" ಎಂದರು. ಅವ್ವ ಅವರೊಡನೆ ಬಹಳ ಕಾಲ ಮಾತು ಬಿಟ್ಟಿದ್ದಳು.

ನಗುವ ಮಾತು ಹಾಗಿರಲಿ. ಒಂದು ಹೆಸರೆಂದರೆ ಏನು ಎಂದು ಯೋಚಿಸಿ ನೋಡಿ. ಅವಳಿದ್ದ ಮನೆ ನಮ್ಮಪ್ಪನದು. ಅಂಗಡಿ ಅಣ್ಣನದು. ಮ್ಯೂಸಿಯಮ್ಮು ಸರ್ಕಾರದ್ದು. ಅವಳು ಕೂರಿಸಿದ ಸಾವಿರಾರು ಪತಂಗಗಳ ಚೀಟಿಯಲ್ಲಿ ಹಿಡಿದವರ ಹೆಸರಿದೆ, ಗುರುತಿಸಿದವರ ಹೆಸರಿದೆ. ಕೂರಿಸಿದವರ ಹೆಸರು ಬರೆಯುವ ಪದ್ಧತಿಯೇ ಇಲ್ಲ. ಇಡೀ ಲೋಕದಲ್ಲಿ ಅವಳದೆಂದು ಇದ್ದದ್ದು ಆ ಹುಲ್ಲು ಬಣ್ಣದ ಪತಂಗ ಒಂದೇ. ಆ ಡ್ರಾಯರಿಗೆ ಮಾತ್ರ ಅವಳು ನನ್ನಿಂದ ಕಪ್ಪು ಮರದ ಹಿಡಿ ಹಾಕಿಸಿಕೊಂಡಿದ್ದಳು.

ಸಾಹೇಬರು ನಿವೃತ್ತರಾದರು. ಅವರ ಜಾಗಕ್ಕೆ ಬೇರೆ ಊರಿನಿಂದ ಒಬ್ಬ ಹೊಸ ಮೇಡಂ ಬಂದರು. ಚಿಕ್ಕ ವಯಸ್ಸು, ದಪ್ಪ ಕನ್ನಡಕ, ನಡೆಯುವಾಗಲೂ ಓದುವ ಅಭ್ಯಾಸ. ಅವರು ಬಂದದ್ದೇ ಈ ಸಣ್ಣ ಹಸಿರು ಪತಂಗಗಳ ಇಡೀ ಬಳಗವನ್ನು ಹೊಸದಾಗಿ ವಿಂಗಡಿಸಿ ಪುಸ್ತಕ ಬರೆಯಲು. ಬಣ್ಣ, ಗೆರೆಗಳಿಗಿಂತ ಹೊಟ್ಟೆಯ ತುದಿಯ ಒಳಗಿನ ಭಾಗಗಳನ್ನು ಅವರು ಹೆಚ್ಚು ನಂಬುತ್ತಿದ್ದರು. ಅಲ್ಲಿ ಗಂಡು ಹೆಣ್ಣು ಕೂಡುವ ಕೊಂಡಿಗಳಿರುತ್ತವೆ. ಬೇರೆ ಬೇರೆ ಜಾತಿಯಾದರೆ ಬೀಗಕ್ಕೆ ಬೀಗದ ಕೈ ಹೊಂದುವುದಿಲ್ಲ. ಅದನ್ನು ಬಿಡಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಿದ್ದರು.

ಒಂದು ಬೆಳಿಗ್ಗೆ ಮೇಡಂ ಅತ್ತಿಗೆಯ ಮೇಜಿನ ಹತ್ತಿರ ಬಂದು ನಿಂತರು. ನಾನು ಪಕ್ಕದಲ್ಲಿ ಕಿಟಕಿಯ ಚೌಕಟ್ಟಿಗೆ ಮರಳುಕಾಗದ ಉಜ್ಜುತ್ತಿದ್ದೆ.

"ಸೂಜಿಯಮ್ಮ, ಒಂದು ಮಾತು. ನಿಮ್ಮ ಹೆಸರಿನ ಪತಂಗವನ್ನೂ ನಮ್ಮ ಊರಿನ ಹಸಿರನ್ನೂ ಬಿಡಿಸಿ ನೋಡಿದೆ. ಒಳಗೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

"ಒಳಗೆ ಇಲ್ಲದಿದ್ರೆ ಹೊರಗಿದೆಯಲ್ಲ ಮೇಡಂ. ಕಣ್ಣಿಗೇ ಕಾಣತ್ತೆ. ಅದು ಹಸಿರು, ಇದು ಹುಲ್ಲು."

"ಹಸಿರು ಮಾಸಿರಬಹುದು. ಈ ಬಳಗದ ಹಸಿರು ಬಲು ನಾಜೂಕು ಅಂತ ಬೇರೆ ಕಡೆಯವರು ಬರೆದಿದ್ದಾರೆ. ಬಿಸಿಲಿಗೋ, ನೀರಿಗೋ..."

ಅತ್ತಿಗೆ ಚಿಮುಟವನ್ನು ಕೆಳಗಿಟ್ಟಳು. ನಾನು ಉಜ್ಜುವುದನ್ನು ನಿಲ್ಲಿಸಿದೆ.

"ನನ್ನ ಕೈಲಿ ಹುಳ ಮಾಸತ್ತಾ? ಮೇಡಂ, ಈ ಕೋಣೆಗೆ ಬಿಸಿಲು ಬಂದದ್ದು ನೋಡಿದ್ದೀರಾ? ದುಂಬಿ, ಕಂದು ಪತಂಗ, ಬೂದು ಪತಂಗ, ಎಲ್ಲಾ ಇದೇ ಒದ್ದೆ ಡಬ್ಬಿಯಿಂದ ಎದ್ದು ಬಂದಿವೆ. ಒಂದರದ್ದಾದ್ರೂ ಬಣ್ಣ ಹೋಗಿದೆಯಾ? ಹೊಟ್ಟೆಯೊಳಗೆ ಒಂದೇ ಥರ ಅಂದ್ರೆ ಒಂದೇ ಜಾತಿಯಾ? ಹಾಗಾದ್ರೆ ನಾನೂ ನನ್ನ ಓರಗಿತ್ತಿನೂ ಒಬ್ಬಳೇ ಅಂತ ಬರೆದುಬಿಡಿ. ಇಲ್ಲೇ ಇದ್ದಾನೆ ಅವಳ ಗಂಡ, ಕೇಳಿ."

"ನನ್ನನ್ನು ಯಾಕೆ ಎಳೀತೀರಿ ಅತ್ತಿಗೆ?" ಎಂದೆ.

ಮೇಡಂ ನಕ್ಕರು. ಆದರೆ ಮಾತು ಬಿಡಲಿಲ್ಲ. "ನಾನೂ ತಪ್ಪಿರಬಹುದು. ದೀಪಸ್ತಂಭಕ್ಕೆ ನೀವೇ ಹೋಗಿ ಬನ್ನಿ. ಅಲ್ಲೇ ಹಿಡಿದು, ಒಣಗುವ ಮೊದಲೇ ಅಲ್ಲೇ ಕೂರಿಸಿ ತನ್ನಿ. ಹುಲ್ಲು ಬಣ್ಣದ್ದೊಂದು ಸಿಕ್ಕರೆ ನಿಮ್ಮ ಹೆಸರು ಗಟ್ಟಿ. ಅದನ್ನು ಅಲ್ಲಾಡಿಸೋಕೆ ಯಾರಿಗೂ ಆಗಲ್ಲ. ನಾನೇ ಬರೀತೀನಿ."

"ಸಿಗದಿದ್ರೆ?"

"ಸಿಗದಿದ್ರೆ ಎರಡೂ ಒಂದೇ ಜಾತಿ. ಮೊದಲೇ ಇದ್ದ ಹಸಿರಿನ ಹೆಸರು ಉಳಿದು, ಆ ಹೆಸರು ಬೀಳತ್ತೆ."

ಅತ್ತಿಗೆ ಎದ್ದು, "ಬಡಗಿ, ಹಲಗೆ ಕಟ್ಟು" ಎಂದಳು.

ದೀಪಸ್ತಂಭವಿದ್ದದ್ದು ರಸ್ತೆ ಮುಗಿದು, ಬರೀ ಬಂಡೆ ಶುರುವಾಗುವ ಜಾಗದಲ್ಲಿ. ಸುಣ್ಣ ಬಳಿದ ಎತ್ತರದ ಗೋಡೆ, ಬುಡದಲ್ಲಿ ಕಾವಲುಗಾರನ ಎರಡು ಕೋಣೆಯ ಮನೆ. ಉಪ್ಪುಗಾಳಿಗೆ ಬಾಗಿಲಿನ ಕೀಲೆಲ್ಲ ತುಕ್ಕು. ಕಾವಲುಗಾರ ಒಂಟಿ ಮುದುಕ. ಮಾತಿಗೆ ಜನ ಸಿಗದೆ, ಸಿಕ್ಕವರನ್ನು ಬಿಡದವನು. ನಮ್ಮ ಡಬ್ಬಿ ಹಲಗೆ ನೋಡಿ, "ಇಷ್ಟು ಸಣ್ಣ ಹುಳಕ್ಕೆ ಇಷ್ಟು ದೊಡ್ಡ ಸಂಸಾರವೇ?" ಎಂದ.

ಅತ್ತಿಗೆ ಕೂತು ಸುಧಾರಿಸಿಕೊಳ್ಳಲೂ ಇಲ್ಲ. "ಯಜಮಾನ್ರೇ, ಹುಲ್ಲು ಬಣ್ಣದ ಪತಂಗ ಎಲ್ಲಿ ಕೂರತ್ತೆ?"

"ಯಾವ ಬಣ್ಣದ್ದು?"

"ಒಣಹುಲ್ಲು."

"ಇಲ್ಲಿ ಒಣಹುಲ್ಲಾದ್ರೂ ಎಲ್ಲಿದೆ ಅಮ್ಮ? ಸುತ್ತ ಕಲ್ಲು. ಅಷ್ಟು ದೂರ ಕುರುಚಲು ಗಿಡ, ಅದೂ ವರ್ಷಪೂರ್ತಿ ಹಸಿರು. ಬರೋ ಪತಂಗವೂ ಹಸಿರು. ಬೆಳಿಗ್ಗೆ ಗೋಡೆ ನೋಡಿ, ಎಲೆ ಚೆಲ್ಲಿದ ಹಾಗಿರತ್ತೆ."

"ನಮಗೆ ಕಳಿಸಿದ್ದು?"

"ಅವೇ! ಇನ್ಯಾವುದನ್ನ ಕಳಿಸಲಿ?"

ಅತ್ತಿಗೆ ನನ್ನತ್ತ ತಿರುಗಿ, "ವಯಸ್ಸಾಗಿದೆ, ಕಣ್ಣು ಕಾಣಲ್ಲ" ಎಂದಳು. ಮುದುಕನಿಗೆ ಕೇಳಿಸಿತು. "ಹಡಗಿನವರಿಗೆ ದಾರಿ ತೋರಿಸೋನು ನಾನು. ನನ್ನ ಕಣ್ಣು ಹೋಗಿದ್ರೆ ಈ ಬಂಡೆ ಮೇಲೆ ಕೂರೋಕೆ ಜಾಗ ಇರ್ತಿರಲಿಲ್ಲ, ಬರೀ ಹಡಗು" ಎಂದು ಗೊಣಗಿ ಚಹಾ ಕಾಯಿಸಲು ಹೋದ.

ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಗೋಡೆ ನೋಡಿದೆವು. ಮುದುಕ ಹೇಳಿದ್ದು ನಿಜ. ಬಿಳಿ ಸುಣ್ಣದ ಮೇಲೆ ಸಣ್ಣ ಸಣ್ಣ ಹಸಿರು ತುಣುಕುಗಳು. ಅತ್ತಿಗೆ ಏಣಿ ಹಿಡಿಸಿ, ಹಕ್ಕಿಗಳು ಬಂದು ಕುಕ್ಕುವ ಮೊದಲು ಒಂದೊಂದನ್ನೂ ಗಾಜಿನ ಸೀಸೆಗೆ ಇಳಿಸಿದಳು. ಎಲ್ಲ ಹಸಿರು. "ನಾಳೆ ಬರತ್ತೆ" ಎಂದಳು. ನಾಳೆಯೂ ಹಸಿರು. ಗಾಳಿ ದಿಕ್ಕು ಬದಲಿಸಿದ ದಿನ ಆಸೆ ಹುಟ್ಟಿತು. ಅಂದು ಬಂದವು ಕಂದು ಬಣ್ಣದ ಬೇರೆ ಸಂಸಾರದವು. ಅವಳು ಊಟ ಕಡಿಮೆ ಮಾಡಿದಳು. ನನ್ನ ಮೇಲೆ ರೇಗುವುದನ್ನೂ ಕಡಿಮೆ ಮಾಡಿದಳು. ಇದು ನನಗೆ ಹೆಚ್ಚು ಹೆದರಿಕೆ ತಂದಿತು.

ಒಂದು ಮಧ್ಯಾಹ್ನ ಮುದುಕ ನಮಗೆ ಕಳಿಸಲೆಂದು ಕಟ್ಟಿಟ್ಟಿದ್ದ ತಗಡಿನ ಡಬ್ಬಿ ಅವಳ ಕಣ್ಣಿಗೆ ಬಿತ್ತು. ಒಳಗೆ ಹಳೆಯ ಪೊಟ್ಟಣಗಳು, ಒಣಗಿ ಗರಿಗರಿಯಾದವು. ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು. ಕಾಗದ ದಪ್ಪ, ಏನೂ ಕಾಣಲಿಲ್ಲ. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ, ಅಷ್ಟು ವರ್ಷದಲ್ಲಿ ಎಂದೂ ಮಾಡದ್ದನ್ನು ಮಾಡಿದಳು. ಒಣ ಪೊಟ್ಟಣವನ್ನು ಬಿಚ್ಚಿದಳು.

ಒಂದು ಕಾಲು ಉದುರಿತು. ಮೀಸೆಯ ತುದಿ ಮುರಿಯಿತು. ಮಡಚಿದ ರೆಕ್ಕೆ ಮಾತ್ರ ಎಳೆಯ ಎಲೆಯಂತೆ ಹಸಿರಾಗಿತ್ತು.

ನಾನು ಬಾಗಿಲ ಬಳಿ ನಿಂತಿದ್ದೆ. "ಅತ್ತಿಗೆ, ಮುಚ್ಚಿಬಿಡಿ ಅದನ್ನ" ಎಂದೆ. "ನಾವು ಬಂದಿದ್ದು ಹುಲ್ಲು ಬಣ್ಣದ್ದು ಹಿಡಿಯೋಕೆ. ಈ ಸಲ ಸಿಗಲಿಲ್ಲ, ಇನ್ನೊಂದು ಕಾಲಕ್ಕೆ ಬರೋಣ ಅಂತ ಹೇಳಿದ್ರೆ ಸುಳ್ಳೇನೂ ಅಲ್ಲ. ಮೇಡಂ ಪುಸ್ತಕ ಮುಗಿಸ್ತಾರೆ, ಹೆಸರು ಇರೋ ಹಾಗೆ ಇರತ್ತೆ."

ಅವಳು ತಿರುಗಿ ನೋಡಿದ ನೋಟ ಇವತ್ತಿಗೂ ನೆನಪಿದೆ. "ನೀನು ಮಾಡಿದ ಮೇಜು ಅಲ್ಲಾಡಿದ್ರೆ ಕಾಲ ಕೆಳಗೆ ಕಾಗದ ಮಡಚಿ ಇಡ್ತೀಯೇನೋ?"

"ಒಂದೊಂದ್ಸಲ ಇಡ್ತೀನಿ."

"ಗೊತ್ತು. ಅದಕ್ಕೇ ನೀನು ಬಡಗಿ, ನಾನು ಸೂಜಿಯಮ್ಮ. ಆ ಮುದುಕನ ಹತ್ರ ಸ್ವಲ್ಪ ಹತ್ತಿ, ಒಣ ಉಪ್ಪು ಇಸ್ಕೊಂಡು ಬಾ."

ಆಮೇಲೆ ಅವಳು ಮಾಡಿದ್ದನ್ನು ಎಂಥ ಕೆಲಸಗಾರನೂ ಕೈ ಕಟ್ಟಿ ನೋಡಬೇಕು. ಪೊಟ್ಟಣದೊಳಗೆ ಹಸಿರು ಕಂಡ ಮಾತ್ರಕ್ಕೆ ಆಗಲಿಲ್ಲ. ಅದು ಊರಿನ ಹಸಿರೇ ಇರಬಹುದು, ಹುಲ್ಲು ಬಣ್ಣದ್ದು ಬೇರೆ ಪೊಟ್ಟಣದಲ್ಲಿರಬಹುದು ಎಂದು ನಾಳೆ ಯಾರಾದರೂ ವಾದಿಸಿಯಾರು. ಅವಳೇ ವಾದಿಸಿಯಾಳು! ಅದಕ್ಕೇ ವಾದಕ್ಕೆ ಎಡೆಯೇ ಇಲ್ಲದಂತೆ, ಒಂದೇ ಪತಂಗದಲ್ಲಿ ಒಣಗಿದ ಹಸಿರನ್ನೂ ಒದ್ದೆಗೆ ಮಾಸಿದ ಹುಲ್ಲು ಬಣ್ಣವನ್ನೂ ತೋರಿಸಬೇಕೆಂದು ಹೊರಟಳು. ಬೆಳಿಗ್ಗೆ ಗೋಡೆಯಿಂದ ಇಳಿಸಿದ ಹಸಿರು ಪತಂಗವೊಂದನ್ನು ಹಲಗೆಯ ಮೇಲೆ ಕೂರಿಸಿದಳು. ಎಡಗಡೆಯ ರೆಕ್ಕೆಗಳ ಕೆಳಗೂ ಮೇಲೂ ಒದ್ದೆ ಹತ್ತಿ. ಬಲಗಡೆ ಒಣ ಕಾಗದ, ಪಕ್ಕದಲ್ಲಿ ಬಟ್ಟೆಯಲ್ಲಿ ಕಟ್ಟಿದ ಉಪ್ಪು, ಹಾದುಬಂದ ತೇವ ಹೀರಿಕೊಳ್ಳಲಿ ಎಂದು. ಮೇಲೆ ಮುಚ್ಚಳ.

ಮೊದಲ ಸಲ ಕೆಟ್ಟಿತು. ತೇವ ಮೈಯ ಅಡಿಯಿಂದ ನುಸುಳಿ ಎರಡೂ ಕಡೆ ಮಚ್ಚೆ ಮಚ್ಚೆಯಾಯಿತು. "ಚರ್ಮರೋಗ ಬಂದ ಹಾಗಿದೆ" ಎಂದು ಕಿತ್ತು ಎಸೆದಳು. ನಾನು ಚಹಾಪುಡಿ ಪೆಟ್ಟಿಗೆಯ ತೆಳು ಹಲಗೆ ಸೀಳಿ, ಪತಂಗದ ಬೆನ್ನಿನ ಉದ್ದಕ್ಕೆ ನಿಲ್ಲುವಂಥ ಒಂದು ಅಡ್ಡಗೋಡೆ ಮಾಡಿಕೊಟ್ಟೆ. ಅಂಚಿಗೆ ಮೇಣ ಸವರಿ ಕೂರಿಸಿದೆವು. ಜೀವಮಾನದಲ್ಲಿ ನಾನು ಮಾಡಿದ ಅತಿ ಸಣ್ಣ ಮರಗೆಲಸ ಅದು. ಅತಿ ದೊಡ್ಡದೂ ಅದೇ ಎಂದು ನನ್ನ ಎಣಿಕೆ.

ಮುಚ್ಚಳ ತೆಗೆದಾಗ ಮುದುಕನೂ ಬಗ್ಗಿ ನೋಡುತ್ತಿದ್ದ. ಬಲಗಡೆ ಹಸಿರು. ಎಡಗಡೆ ಒಣಹುಲ್ಲು. ಬಿಳಿ ಅಲೆಗೆರೆ ಮಾತ್ರ ಎಡದ ಅಂಚಿನಿಂದ ಬಲದ ಅಂಚಿನವರೆಗೆ ಒಂದೇ ಗೆರೆಯಾಗಿ ಹಾದು ಹೋಗಿತ್ತು.

"ಅಯ್ಯೋ, ಅರ್ಧ ಹಣ್ಣಾಗಿದೆ!" ಎಂದ ಮುದುಕ.

ಅತ್ತಿಗೆ ಅದನ್ನೇ ನೋಡುತ್ತ ಕುಳಿತಳು. ಕಣ್ಣು ಒದ್ದೆಯಾಗಿತ್ತು, ಆದರೆ ಬಾಯಿಂದ ಬಂದ ಮಾತು ಅಳುವಿನದಲ್ಲ. "ನೋಡೋ ಬಡಗಿ, ಎಡಕ್ಕೂ ಬಲಕ್ಕೂ ಎಷ್ಟು ಸಮ ಬಂದಿದೆ! ನನ್ನ ಕೈಯಿಂದ ಇಂಥದ್ದು ಇನ್ನೊಂದು ಬಂದಿಲ್ಲ."

ಮ್ಯೂಸಿಯಮ್ಮಿಗೆ ಮರಳಿದ ದಿನ ಆ ಪತಂಗವನ್ನು ಮೇಡಂ ಮುಂದಿಟ್ಟಳು. ಮೇಡಂ ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು. ತಾವು ಹೇಳಿದ್ದೇ ನಿಜವಾಯಿತೆಂಬ ಹಿಗ್ಗು ಅವರ ಮುಖದಲ್ಲಿ ಇರಲಿಲ್ಲ. "ಸೂಜಿಯಮ್ಮ, ನಿಮಗೆ ಬೇಸರವಾದ್ರೆ..." ಎಂದು ತಡವರಿಸಿದರು.

"ಬೇಸರ ಬರೆಯೋಕೆ ನಿಮ್ಮ ಪುಸ್ತಕದಲ್ಲಿ ಜಾಗ ಇದೆಯಾ? ಇಲ್ಲ ತಾನೇ? ಇದನ್ನ ಬರೀರಿ. ಆದ್ರೆ ಅಚ್ಚಿಗೆ ಹೋಗೋ ಮೊದಲು ನಾನು ಒಬ್ಬರಿಗೆ ಹೇಳಬೇಕು. ಅವರು ಪುಸ್ತಕ ಓದಿ ತಿಳ್ಕೋಬಾರದು."

ಮಾರನೆಯ ದಿನವೇ ದೊಡ್ಡ ಸಾಹೇಬರ ಮನೆಗೆ ಹೋದೆವು. ಕಿಟಕಿಯ ಪಕ್ಕದ ಆರಾಮಕುರ್ಚಿ, ಮಡಿಲಲ್ಲಿ ಕಂಬಳಿ, ಕೈಗೆಟುಕುವಂತೆ ದೊಡ್ಡ ಭೂತಗನ್ನಡಿ. ಕಾಲು ಸೋತಿತ್ತು, ತಲೆ ಸೋತಿರಲಿಲ್ಲ. ಅತ್ತಿಗೆ ಪೀಠಿಕೆ ಹಾಕಲಿಲ್ಲ. ಪೆಟ್ಟಿಗೆ ತೆಗೆದು ಅವರ ಮುಂದೆ ಹಿಡಿದಳು.

ಅವರು ಭೂತಗನ್ನಡಿ ಎತ್ತಿ ಎಡಗಡೆ ನೋಡಿದರು. ಬಲಗಡೆ ನೋಡಿದರು. ಮತ್ತೆ ಎಡಗಡೆ.

"ಒದ್ದೆ ಡಬ್ಬಿ" ಎಂದರು ಕೊನೆಗೆ.

"ಹೌದು ಸರ್."

"ದುಂಬಿಯನ್ನ ವಾರಗಟ್ಟಲೆ ನೆನೆಸಿದ್ರೂ ಬಣ್ಣ ಬಿಡಲ್ಲ. ನಾನು ಪತಂಗವನ್ನೂ ದುಂಬಿ ಹಾಗೇ ನೋಡಿದೆ." ಭೂತಗನ್ನಡಿಯನ್ನು ಮಡಿಲಿಗಿಳಿಸಿ, "ನಿನಗೆ ಅಂತ ಇಟ್ಟ ಹೆಸರು ಕಣಮ್ಮ" ಎಂದರು.

"ಇಟ್ಟಿರಲ್ಲ ಸರ್, ಅಷ್ಟು ಸಾಕು. ಇಷ್ಟು ವರ್ಷ ಮೆರೆದಿದ್ದೀನಿ. ನಮ್ಮತ್ತೆಯನ್ನ ಕೇಳಿ, ಊರಿಗೆಲ್ಲ ಡಂಗುರ ಹೊಡೆದಿದ್ದಾರೆ."

ಸಾಹೇಬರು ನಕ್ಕರು. ಆಮೇಲೆ ಮತ್ತೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಈ ಸಲ ನೋಡಿದ್ದು ಬಣ್ಣವನ್ನಲ್ಲ. ಸೂಜಿ ಇಳಿದ ಜಾಗವನ್ನು, ರೆಕ್ಕೆ ಬಿಡಿಸಿದ ರೀತಿಯನ್ನು. "ನಡುವೆ ಗೋಡೆ ಏನು ಹಾಕಿದೆ?" ಎಂದು ಕೇಳಿದರು. ಅವಳು ನನ್ನತ್ತ ಬೆರಳು ತೋರಿಸಿದಳು. ಸಾಹೇಬರು ನನಗೂ ಒಮ್ಮೆ ತಲೆಯಾಡಿಸಿದರು. ನನಗೆ ಅಷ್ಟು ಸಾಕಾಯಿತು.

ಮೇಡಂ ಪುಸ್ತಕ ಬಂತು. ಬಳಗದ ಒಂದೊಂದು ಕವಲನ್ನೂ ಬಿಡಿಸಿ ಬರೆದ ದಪ್ಪ ಪುಸ್ತಕ. ಆ ಪುಟದಲ್ಲಿ ಊರಿನ ಹಸಿರು ಪತಂಗದ ಹೆಸರು ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅತ್ತಿಗೆಗೆಂದು ಇಟ್ಟಿದ್ದ ಹೆಸರು. ಮೇಡಂ ಅದರ ಮೇಲೆ ಬೆರಳಿಟ್ಟು ವಿವರಿಸಿದರು: ಒಮ್ಮೆ ಇಟ್ಟ ಹೆಸರು ಬಿದ್ದರೂ ಅಳಿಸುವ ಹಾಗಿಲ್ಲ. ಇನ್ನು ಮುಂದೆ ಆ ಬಳಗದ ಬಗ್ಗೆ ಯಾರೇ ಪೂರ್ತಿ ಪಟ್ಟಿ ಬರೆದರೂ ಅದನ್ನು ಅಲ್ಲಿ ಸೇರಿಸಲೇಬೇಕು. ಆ ಮನೆತನದ ಬೇರೆ ಯಾವ ಪತಂಗಕ್ಕೂ ಆ ಹೆಸರನ್ನು ಮತ್ತೆ ಇಡುವಂತಿಲ್ಲ.

"ಅಂದ್ರೆ ಮನೆಯಿಂದ ಹೊರಗೆ ಹಾಕಿಲ್ಲ. ಹಿಂದಿನ ಕೋಣೆ ಕೊಟ್ಟಿದ್ದೀರಿ" ಎಂದಳು ಅತ್ತಿಗೆ.

"ಹಾಗೇ ಅನ್ನಿ."

"ನಾನು ಮೊದಲಿಂದಲೂ ಹಿಂದಿನ ಕೋಣೆಯವಳೇ. ಬೆಳಕು ಚೆನ್ನಾಗಿರತ್ತೆ."

ಅದೇ ವಾರ ನಾನು ಅಗಲವಾದ ಹೊಸ ಡ್ರಾಯರು ಮಾಡಿದೆ. ಹುಲ್ಲು ಬಣ್ಣದವೂ ಹಸಿರಿನವೂ ಒಂದೇ ಕಡೆ ಇರಬೇಕಲ್ಲ. ಅತ್ತಿಗೆ ಒಂದೊಂದನ್ನೂ ಚಿಮುಟದಿಂದ ಎತ್ತಿ ಸಾಲು ಬದಲಿಸಿದಳು. ಬೇರೆ ಯಾರಿಗೂ ಕೈ ಹಾಕಲು ಬಿಡಲಿಲ್ಲ. ನಡುವೆ, ಎರಡೂ ಸಾಲು ಸೇರುವಲ್ಲಿ, ಆ ಅರ್ಧ ಹಸಿರು ಅರ್ಧ ಹುಲ್ಲಿನದನ್ನು ನಿಲ್ಲಿಸಿದಳು. ಈಗ ಹೊರಗಿನಿಂದ ಪತಂಗ ಬಲ್ಲವರು ಬಂದರೆ ಮೊದಲು ಕೇಳುವುದು ಆ ಡ್ರಾಯರನ್ನೇ. ನಮ್ಮ ಕೋಣೆಯಲ್ಲಿ ಹಸಿರು ಪತಂಗದ ಪೊಟ್ಟಣ ಒದ್ದೆ ಡಬ್ಬಿಗೆ ಹೋಗುವುದಿಲ್ಲ. ದೀಪಸ್ತಂಭಕ್ಕೆ ಹಲಗೆಗಳನ್ನೇ ಕಳಿಸಿಕೊಟ್ಟಿದ್ದೇವೆ, ಮುದುಕನಿಗೆ ಅತ್ತಿಗೆಯೇ ಕೂರಿಸುವುದನ್ನು ಕಲಿಸಿ ಬಂದಳು. "ಹಡಗಿಗೆ ದಾರಿ ತೋರಿಸೋನಿಗೆ ಒಂದು ಸೂಜಿಗೆ ದಾರಿ ತೋರಿಸೋಕೆ ಬರಲ್ವಲ್ಲ!" ಎಂದು ಅವನನ್ನು ಬೈದದ್ದು ಬಂಡೆಗೆಲ್ಲ ಕೇಳಿಸಿತ್ತು.

ಮನೆಯಲ್ಲಿ ಅವ್ವನಿಗೆ ಸುದ್ದಿ ತಿಳಿಸಲು ಯಾರಿಗೂ ಧೈರ್ಯವಿರಲಿಲ್ಲ. ಯಾರಿಂದಲೋ ತಾನಾಗಿಯೇ ತಿಳಿಯಿತು. ಅತ್ತಿಗೆ ಕೆಲಸದಿಂದ ಬಂದು ಕೈ ತೊಳೆಯುತ್ತಿದ್ದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಏನೇ, ನಿನ್ನ ಹೆಸರಿನ ಹುಳ ಇಲ್ವೇ ಇಲ್ವಂತೆ? ಅಂಥದ್ದೊಂದು ಹುಳ ಹುಟ್ಟೇ ಇರಲಿಲ್ವಂತೆ? ಯಾವಳೇ ಹಾಗಂದೋಳು? ನಾಳೆ ನಾನೇ ಬರ್ತೀನಿ, ಕೇಳೇಬಿಡ್ತೀನಿ!"

ಅತ್ತಿಗೆ ಕೈ ಒರೆಸಿಕೊಳ್ಳುತ್ತ ಅವಳನ್ನು ಬಳಸಿಕೊಂಡು ಒಳಗೆ ಬಂದಳು.

"ನಾಳೆ ಯಾಕೆ ಅತ್ತೆ, ಈಗಲೇ ಕೇಳಿ. ಇಲ್ಲ ಅಂತ ತೋರಿಸಿದೋಳು ನಾನೇ. ಬೇರೆ ಯಾರ ಕೈಲಾದ್ರೂ ಆಗ್ತಿತ್ತಾ ಅದು?"